ಒಂದೇ ಗ್ರಂಥ, ಎರಡು ಬೆಟ್ಟಗಳು: ಯಹೂದಿಯರು ಮತ್ತು ಸಮಾರಿಯರ ಇತಿಹಾಸದಿಂದ ಒಂದು ಪಾಠ

ದೇವಗ್ರಂಥವನ್ನು ಪಡೆದ ಪ್ರತಿಯೊಂದು ಸಮುದಾಯದಲ್ಲಿಯೂ ಎರಡು ಸಂಗತಿಗಳು ಜೊತೆಜೊತೆಯಾಗಿ ಸಾಗಿಬರುತ್ತವೆ. ಒಂದು, ಗ್ರಂಥ. ಇನ್ನೊಂದು, ಆ ಗ್ರಂಥವನ್ನು ಕುರಿತು ಜನರು ಹೇಳಿಕೊಂಡು ಬಂದ ಕಥನ. ಮನೆಯಲ್ಲಿ ಹಿರಿಯರು ಮಕ್ಕಳಿಗೆ ಪ್ರವಾದಿಗಳ ವೃತ್ತಾಂತವನ್ನು ಹೇಳುವಾಗ, ಉಪನ್ಯಾಸಕರು ಸಭೆಯಲ್ಲಿ ಅದನ್ನು ವಿವರಿಸುವಾಗ, ಗ್ರಂಥದಲ್ಲಿಲ್ಲದ ಹೆಸರುಗಳು, ಊರುಗಳು, ಸಂಭಾಷಣೆಗಳು ಅದರೊಳಗೆ ಸೇರಿಕೊಳ್ಳುತ್ತವೆ. ಕೆಲವು ತಲೆಮಾರುಗಳು ಕಳೆಯುವಷ್ಟರಲ್ಲಿ ಯಾವುದು ಗ್ರಂಥದ ಮಾತು, ಯಾವುದು ಹೇಳಿದವರ ಮಾತು ಎಂಬುದು ಕೇಳುಗರಿಗೆ ತಿಳಿಯದಂತಾಗುತ್ತದೆ. ಇದಕ್ಕೆ ನೆರೆಯವರ ಮೇಲಿನ ದ್ವೇಷವೂ ಬೆರೆತರೆ ಏನಾಗುತ್ತದೆ? ಯಹೂದಿಯರು ಮತ್ತು ಸಮಾರಿಯರ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಈ ಎರಡೂ ಸಮುದಾಯಗಳು ಏಕದೇವನನ್ನು ನಂಬಿದವು. ಎರಡೂ ಪ್ರವಾದಿ ಮೂಸಾ(ಅ)ರನ್ನು ತಮ್ಮ ನಾಯಕರೆಂದು ಸಾರಿದವು. ಎರಡರ ಕೈಯಲ್ಲಿಯೂ ತೌರಾತ್‌ನ ಐದು ಗ್ರಂಥಗಳಿದ್ದವು. ಸಬ್ಬತ್, ಸುನ್ನತಿ, ಆಹಾರದ ನಿಯಮಗಳು ಎರಡರಲ್ಲಿಯೂ ಇದ್ದವು. ಭಿನ್ನಾಭಿಪ್ರಾಯದ ಕೇಂದ್ರವಾಗಿದ್ದದ್ದು ಒಂದು ಸ್ಥಳ. ದೇವನು ತನ್ನ ಆರಾಧನೆಗಾಗಿ ಆರಿಸಿದ ಸ್ಥಳ ಜೆರುಸಲೇಮ್ ಎಂದು ಯಹೂದಿಯರು ಹೇಳಿದರೆ, ಅದು ಇಂದಿನ ನಾಬ್ಲುಸ್ ನಗರದ ಪಕ್ಕದಲ್ಲಿರುವ ಗೆರಿಜಿಮ್ ಬೆಟ್ಟ ಎಂದು ಸಮಾರಿಯರು ಹೇಳಿದರು. ಈ ಎರಡು ಸ್ಥಳಗಳ ನಡುವಿನ ಅಂತರ ಹೆಚ್ಚಿನದಲ್ಲ. ಆದರೆ ಆ ಅಂತರವು ಶತಮಾನಗಳ ಹಗೆತನಕ್ಕೆ ಸಾಕಾಯಿತು.

ಸಮಾರಿಯರು ಯಾರು?

ಈ ಪ್ರಶ್ನೆಗೇ ಎರಡು ಉತ್ತರಗಳಿವೆ. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯಾದ ಸಾಮ್ರಾಟರು ಉತ್ತರದ ಇಸ್ರಾಈಲ್ ರಾಜ್ಯವನ್ನು ನಾಶಗೊಳಿಸಿ, ಅದರ ರಾಜಧಾನಿ ಸಮಾರಿಯವನ್ನು ವಶಪಡಿಸಿಕೊಂಡರು. ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನರನ್ನು ಸೆರೆಹಿಡಿದು ಸಾಗಿಸಿದ್ದಾಗಿ ಎರಡನೆಯ ಸರ್ಗೋನನ ಶಾಸನ ಹೇಳುತ್ತದೆ. ಯಹೂದಿಯರ 'ಅರಸರ ಗ್ರಂಥ'ದ ಪ್ರಕಾರ ಅಸ್ಸೀರಿಯಾದ ಅರಸನು ಬಾಬಿಲೋನ್, ಕೂತಾ ಮೊದಲಾದ ಕಡೆಗಳಿಂದ ಅನ್ಯಜನರನ್ನು ತಂದು ಆ ನಾಡಿನಲ್ಲಿ ನೆಲೆಗೊಳಿಸಿದನು. ಅವರು ದೇವನಿಗೂ ಭಯಪಟ್ಟರು, ತಮ್ಮ ವಿಗ್ರಹಗಳನ್ನೂ ಪೂಜಿಸಿದರು. ಸಮಾರಿಯರು ಈ ವಲಸಿಗರ ಸಂತಾನವೆಂದು ಯಹೂದಿಯರು ಸಾರಿದರು. ಅವರನ್ನು 'ಕೂತೀಮ್', ಅರ್ಥಾತ್ ಕೂತಾದವರು ಎಂದು ಕರೆದರು. ಹೆಸರಿನಲ್ಲಿಯೇ 'ನೀವು ಹೊರಗಿನವರು' ಎಂಬ ತೀರ್ಪಿತ್ತು.

ಸಮಾರಿಯರ ಮಾತು ಇದಕ್ಕೆ ತದ್ವಿರುದ್ಧ. ತಾವು ಪ್ರವಾದಿ ಯೂಸುಫ್(ಅ)ರ ಮಕ್ಕಳಾದ ಎಫ್ರಾಯೀಮ್ ಮತ್ತು ಮನಸ್ಸೆಯವರ ವಂಶದವರು, ತಾವು ನಾಡನ್ನು ಬಿಟ್ಟುಹೋಗಲಿಲ್ಲ, ಏಲಿ ಎಂಬ ಯಾಜಕನು ಗೆರಿಜಿಮನ್ನು ತ್ಯಜಿಸಿ ಶಿಲೋ ಎಂಬಲ್ಲಿ ಬೇರೆ ಪೀಠ ಸ್ಥಾಪಿಸಿದಾಗ ಒಡಕು ಮೂಡಿತು ಎಂದು ಅವರು ಹೇಳುತ್ತಾರೆ. ಅವರು ತಮ್ಮನ್ನು 'ಶಾಮೆರೀಮ್' ಎಂದು ಕರೆದುಕೊಳ್ಳುತ್ತಾರೆ. ಅದರ ಅರ್ಥ 'ಕಾಪಾಡಿದವರು', ಅಂದರೆ ಧರ್ಮಶಾಸ್ತ್ರವನ್ನು ಕಾಪಾಡಿದವರು. ಗೆರಿಜಿಮ್ ಬೆಟ್ಟದಲ್ಲಿ ನಡೆದ ಉತ್ಖನನಗಳು ಅಲ್ಲಿ ಕ್ರಿ.ಪೂ. 5ನೇ ಶತಮಾನದಷ್ಟು ಹಿಂದೆಯೇ ಆರಾಧನಾ ಸ್ಥಳವಿದ್ದುದನ್ನು ತೋರಿಸಿವೆ. ಗ್ರೀಸಿನ ಡೆಲೋಸ್ ದ್ವೀಪದಲ್ಲಿ ದೊರೆತ ಕ್ರಿಸ್ತಪೂರ್ವ ಕಾಲದ ಶಾಸನಗಳಲ್ಲಿ ಅಲ್ಲಿನ ಸಮಾರಿಯರು ತಮ್ಮನ್ನು ಗೆರಿಜಿಮ್‌ಗೆ ಕಾಣಿಕೆ ಕಳುಹಿಸುವ 'ಇಸ್ರಾಈಲಿಗಳು' ಎಂದೇ ಬರೆಸಿದ್ದಾರೆ. ಹೊರಗಿನವರೆಂಬ ಹೆಸರು ನೆರೆಯವರು ಕೊಟ್ಟದ್ದಾಗಿತ್ತು. ಅವರ ಆತ್ಮಪರಿಚಯ ಬೇರೆಯೇ ಆಗಿತ್ತು.

ಕಥನವು ಹುಟ್ಟಿದ ಬಗೆ

ಯಹೂದಿ ವಿದ್ವಾಂಸರು ಗ್ರಂಥವನ್ನು ಮತ್ತೆ ಹೇಳಲು ತೊಡಗಿದ್ದು ದುರುದ್ದೇಶದಿಂದಲ್ಲ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. ಬಾಬಿಲೋನಿನ ಗಡೀಪಾರಿನ ನಂತರ ಜನಸಾಮಾನ್ಯರ ನಾಲಿಗೆಗೆ ಅರಮಾಯಿಕ್ ಭಾಷೆ ಹತ್ತಿತು. ಹೀಬ್ರೂ ಮೂಲವನ್ನು ಓದಿದ ಬಳಿಕ ಅದರ ಅರ್ಥವನ್ನು ಜನರ ಭಾಷೆಯಲ್ಲಿ ಹೇಳಬೇಕಾಯಿತು. 'ತರ್ಗುಮ್'ಗಳು ಹುಟ್ಟಿದ್ದು ಹೀಗೆ. ಮೂಲದಲ್ಲಿ ಮೌನವಿದ್ದಲ್ಲಿ ಕೇಳುಗರು ಪ್ರಶ್ನೆ ಹಾಕಿದರು. ಇಬ್ರಾಹೀಮ್(ಅ) ತಮ್ಮ ತಂದೆಯ ಊರನ್ನು ಏಕೆ ಬಿಟ್ಟರು? ತೌರಾತ್‌ನ ಇಂದಿನ ಪಾಠದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿಲ್ಲ. ಕ್ರಿ.ಪೂ. 2ನೇ ಶತಮಾನದಲ್ಲಿ ರಚಿತವಾದ 'ಜುಬಿಲಿಗಳ ಗ್ರಂಥ' ಉತ್ತರ ನೀಡಿತು. ಅವರು ವಿಗ್ರಹಾರಾಧನೆಯ ಕುರಿತು ತಂದೆಯೊಡನೆ ವಾದಿಸಿದರು, ವಿಗ್ರಹಗಳ ಮನೆಗೆ ಬೆಂಕಿಯಿಟ್ಟರು ಎಂದು ಅದು ಹೇಳುತ್ತದೆ. ಕ್ರಿ.ಶ. 1ನೇ ಶತಮಾನದ್ದೆಂದು ಭಾವಿಸಲಾದ, ಫಿಲೋನ ಹೆಸರಿನಲ್ಲಿ ಉಳಿದುಬಂದ ಇನ್ನೊಂದು ಗ್ರಂಥವು ಇಬ್ರಾಹೀಮ್(ಅ)ರನ್ನು ಬೆಂಕಿಗೆ ಎಸೆದ ಮತ್ತು ದೇವನು ಅವರನ್ನು ರಕ್ಷಿಸಿದ ಪ್ರಸಂಗವನ್ನು ಹೇಳುತ್ತದೆ. ಇಂದಿನ ತೌರಾತ್‌ನ ಪಾಠದಲ್ಲಿಲ್ಲದ ಈ ಸಂಗತಿಯ ನೆನಪು ಅವರ ಕಥನಗಳಲ್ಲಿ ಉಳಿದಿತ್ತು. ಪವಿತ್ರ ಕುರ್‌ಆನ್ ಸಾರುವ ಸತ್ಯದ ಜಾಡು ಆ ಸಮುದಾಯದಲ್ಲಿ ಪೂರ್ತಿ ಅಳಿದುಹೋಗಿರಲಿಲ್ಲ ಎಂದು ನಾವು ಇದನ್ನು ಅರ್ಥಮಾಡಿಕೊಳ್ಳುತ್ತೇವೆ.

ಆದರೆ ಇದೇ ಜುಬಿಲಿಗಳ ಗ್ರಂಥವು ತನ್ನ ಕಥನವನ್ನು ಸೀನಾಯಿ ಬೆಟ್ಟದಲ್ಲಿ ಮೂಸಾ(ಅ)ರಿಗೆ ಮಲಕ್ ಹೇಳಿ ಬರೆಸಿದ್ದೆಂದು ಸಾರಿಕೊಂಡಿತು. ಅಪಾಯ ಆರಂಭವಾದದ್ದು ಇಲ್ಲಿಯೇ. ವಿವರಣೆಯು ತನ್ನನ್ನು ವಿವರಣೆಯೆಂದು ಹೇಳಿಕೊಳ್ಳುವವರೆಗೆ ಓದುಗನಿಗೆ ಆಯ್ಕೆಯಿರುತ್ತದೆ. ಅದು ದೇವವಾಣಿಯ ಉಡುಪು ತೊಟ್ಟಾಗ ಪ್ರಶ್ನಿಸುವ ಬಾಯಿ ಮುಚ್ಚುತ್ತದೆ.

ಒಂದು ಹೆಸರು, ಎರಡು ಊರುಗಳು

ಸ್ಥಳದ ವಿವಾದ ಕಥನದೊಳಗೆ ನುಸುಳಿದ ಬಗೆಗೆ ಒಂದು ಚಿಕ್ಕ ಉದಾಹರಣೆ ನೋಡೋಣ. ಇಬ್ರಾಹೀಮ್(ಅ) ಯುದ್ಧದಿಂದ ಮರಳುವಾಗ 'ಸಾಲೇಮ್' ಎಂಬ ಊರಿನ ಅರಸ ಮೆಲ್ಕಿಸೆದೆಕ್ ಅವರನ್ನು ಎದುರುಗೊಂಡು ಆಶೀರ್ವದಿಸಿದನೆಂದು ತೌರಾತ್‌ನ ಮೊದಲ ಗ್ರಂಥದಲ್ಲಿದೆ. ಸಾಲೇಮ್ ಎಲ್ಲಿತ್ತೆಂದು ಅದು ವಿವರಿಸುವುದಿಲ್ಲ. 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ ಮೊದಲ ಸುರುಳಿಗಳಲ್ಲಿ ಅರಮಾಯಿಕ್ ಭಾಷೆಯ ಒಂದು ಮರುಕಥನವೂ ಇತ್ತು. ಸಾಲೇಮ್ ಎಂದರೆ ಜೆರುಸಲೇಮ್ ಎಂದು ಅದು ಸೇರಿಸಿ ಹೇಳುತ್ತದೆ. ಇತ್ತ ಗ್ರೀಕ್ ಭಾಷೆಯಲ್ಲಿ ಬರೆದ, ಬಹುಶಃ ಸಮಾರಿಯನೇ ಆಗಿದ್ದ ಒಬ್ಬ ಲೇಖಕನ ತುಣುಕೊಂದು ಉಳಿದುಬಂದಿದೆ. ಅದರಲ್ಲಿ ಇಬ್ರಾಹೀಮ್(ಅ)ರಿಗೆ ಸತ್ಕಾರ ದೊರೆತದ್ದು ಗೆರಿಜಿಮ್‌ನ ಆರಾಧನಾ ಸ್ಥಳದಲ್ಲಿ. ಮೂಲದ ಒಂದು ಸಾಲು, ಎರಡು ಕಥನಗಳು, ಎರಡು ಬೆಟ್ಟಗಳು. ಇಬ್ಬರೂ ಇಬ್ರಾಹೀಮ್(ಅ)ರನ್ನು ತಮ್ಮ ಬೆಟ್ಟದ ಸಾಕ್ಷಿಯಾಗಿ ನಿಲ್ಲಿಸಿಕೊಂಡರು.

ಬಲಿದಾನದ ಸ್ಥಳದ ವಿಷಯದಲ್ಲಿಯೂ ಹೀಗೆಯೇ ಆಯಿತು. ಅದು ಜೆರುಸಲೇಮಿನ ಮೊರಿಯಾ ಬೆಟ್ಟವೆಂದು ಯಹೂದಿಯರು, ಗೆರಿಜಿಮ್ ಎಂದು ಸಮಾರಿಯರು ಹೇಳಿದರು.

ಶೆಕೆಮ್ ಪ್ರಸಂಗ

ಮರುಕಥನವು ಹಗೆತನದ ಆಯುಧವಾದದ್ದನ್ನು ಶೆಕೆಮ್ ನಗರದ ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣಬಹುದು. ಈ ನಗರ ಗೆರಿಜಿಮ್ ಬೆಟ್ಟದ ಬುಡದಲ್ಲಿದೆ. ತೌರಾತ್‌ನ ಇಂದಿನ ಪಾಠದ ಪ್ರಕಾರ ಅಲ್ಲಿನ ಮುಖ್ಯಸ್ಥನ ಮಗನು ಯಅ್‌ಕೂಬ್(ಅ)ರ ಪುತ್ರಿ ದೀನಾಳ ಮೇಲೆ ಅತ್ಯಾಚಾರವೆಸಗಿ, ಬಳಿಕ ವಿವಾಹಕ್ಕಾಗಿ ಕೇಳಿಕೊಂಡನು. ನಿಮ್ಮ ಗಂಡಸರೆಲ್ಲರೂ ಸುನ್ನತಿ ಮಾಡಿಸಿಕೊಂಡರೆ ಒಪ್ಪುತ್ತೇವೆ ಎಂದು ಅವಳ ಸಹೋದರರು ಕಪಟದಿಂದ ಷರತ್ತು ಹಾಕಿದರು. ಊರಿನವರು ಒಪ್ಪಿ ಹಾಗೆಯೇ ಮಾಡಿದರು. ಮೂರನೆಯ ದಿನ, ಅವರು ನೋವಿನಲ್ಲಿದ್ದಾಗ, ಶಿಮ್ಯೋನ್ ಮತ್ತು ಲೇವಿ ನುಗ್ಗಿ ಗಂಡಸರನ್ನೆಲ್ಲ ಕೊಂದರು. ತಂದೆ ಅವರನ್ನು ಖಂಡಿಸಿದರು. ಮರಣಶಯ್ಯೆಯಲ್ಲಿಯೂ ಅವರ ಕ್ರೋಧವನ್ನು ಶಪಿಸಿದರೆಂದು ಅದೇ ಗ್ರಂಥ ಹೇಳುತ್ತದೆ. ಆ ವೃತ್ತಾಂತದಲ್ಲಿ ಅತ್ಯಾಚಾರಿಯೂ ತಪ್ಪಿತಸ್ಥ, ಮಾತು ಕೊಟ್ಟು ಕೊಂದವರೂ ತಪ್ಪಿತಸ್ಥರು.

ಶತಮಾನಗಳ ನಂತರ ಆ ನಗರದಲ್ಲಿ ಸಮಾರಿಯರು ವಾಸಿಸುತ್ತಿದ್ದಾಗ ಈ ವೃತ್ತಾಂತ ಹೊಸ ರೂಪ ಪಡೆಯಿತು. ಜುಬಿಲಿಗಳ ಗ್ರಂಥದಲ್ಲಿ ಊರಿನವರು ಸುನ್ನತಿ ಮಾಡಿಸಿಕೊಂಡ ಸಂಗತಿಯೇ ಕಾಣೆಯಾಯಿತು. ದೀನಾ 12 ವರ್ಷದ ಬಾಲಕಿಯೆಂಬ ವಿವರ ಸೇರಿತು. ಕೊಲೆಯು ಆಕಾಶದ ಫಲಕಗಳಲ್ಲಿ ಪುಣ್ಯವೆಂದು ದಾಖಲಾಯಿತು. ಆ ಆವೇಶಕ್ಕೆ ಪ್ರತಿಫಲವಾಗಿಯೇ ಲೇವಿಯ ಸಂತಾನಕ್ಕೆ ಯಾಜಕತ್ವ ದೊರೆಯಿತೆಂದು ಹೇಳಲಾಯಿತು. ಲೇವಿಯ ಹೆಸರಿನಲ್ಲಿರುವ 'ಉಯಿಲು' ಎಂಬ ಗ್ರಂಥದಲ್ಲಿ ಮಲಕ್ ಒಬ್ಬರು ಲೇವಿಯ ಕೈಗೆ ಖಡ್ಗವನ್ನಿತ್ತು ಸೇಡು ತೀರಿಸಲು ಆಜ್ಞಾಪಿಸುತ್ತಾರೆ. ಶೆಕೆಮ್ ಇನ್ನು ಮುಂದೆ ಮೂಢರ ನಗರವೆನಿಸುವುದೆಂಬ ಮಾತೂ ಅಲ್ಲಿದೆ. ಕ್ರಿ.ಪೂ. 180ರ ಸುಮಾರಿಗೆ ಜೆರುಸಲೇಮಿನಲ್ಲಿ ಬರೆದ ಬೆನ್ ಸೀರಾ ಎಂಬ ಜ್ಞಾನಿಯೂ, ಎಷ್ಟೋ ಸದುಪದೇಶಗಳ ಬಳಿಕ, ಶೆಕೆಮಿನ ಜನರನ್ನು ಮೂಢರೆಂದೂ ಒಂದು ಜನಾಂಗವೆನಿಸಲೂ ಅರ್ಹರಲ್ಲವೆಂದೂ ಜರೆದಿದ್ದಾನೆ.

ಕ್ರಿ.ಪೂ. 2ನೇ ಶತಮಾನದ ಕೊನೆಯ ದಶಕಗಳಲ್ಲಿ ಯಹೂದಿ ಆಡಳಿತಗಾರ ಜಾನ್ ಹಿರ್ಕಾನಸ್ ಸೇನೆಯೊಂದಿಗೆ ಬಂದು ಗೆರಿಜಿಮ್‌ನ ಆಲಯವನ್ನು ನೆಲಸಮಗೊಳಿಸಿದನು. ಅದಕ್ಕೆ ರಾಜಕೀಯ ಕಾರಣಗಳಿದ್ದವು. ಆ ಗ್ರಂಥಗಳು ಸೇನೆಯನ್ನು ಕಳುಹಿಸಿದವೆಂದು ನಾವು ಹೇಳುವುದಿಲ್ಲ. ಆದರೆ ನೆರೆಯವನನ್ನು ಕೊಲ್ಲುವುದು ಪುಣ್ಯವೆಂದು ಕಲಿಸುವ ಕಥೆಯನ್ನು ಕೇಳುತ್ತ ಬೆಳೆದ ಪೀಳಿಗೆಯಿಂದ ಅಂದು ಪ್ರತಿಭಟನೆಯ ದನಿಯನ್ನು ನಿರೀಕ್ಷಿಸುವುದು ಕಷ್ಟ.

ಮುಂದಿನ ಘಟನೆಗಳನ್ನು ಕ್ರಿ.ಶ. 1ನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಪಸ್ಕ ಹಬ್ಬದ ಸಮಯದಲ್ಲಿ ಕೆಲವು ಸಮಾರಿಯರು ಜೆರುಸಲೇಮಿನ ಆಲಯದಲ್ಲಿ ಮನುಷ್ಯರ ಎಲುಬುಗಳನ್ನು ಎಸೆದು ಅದನ್ನು ಅಶುದ್ಧಗೊಳಿಸಿದರು. ಬಳಿಕ ಹಬ್ಬಕ್ಕೆ ಹೋಗುತ್ತಿದ್ದ ಗಲಿಲಾಯದ ಯಾತ್ರಿಕರ ಕೊಲೆಯಾಯಿತು. ಸೇಡಿಗಾಗಿ ಯಹೂದಿಯರು ಸಮಾರಿಯರ ಗ್ರಾಮಗಳನ್ನು ಸುಟ್ಟರು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ಆಲಯವನ್ನೂ ನಾಶಗೊಳಿಸಿದರು. 484ರಲ್ಲಿ ಬೈಜಂಟೈನ್ ಸಾಮ್ರಾಟ ಜೀನೋ ಗೆರಿಜಿಮ್‌ನ ಮೇಲೆ ಚರ್ಚ್ ಕಟ್ಟಿಸಿದನು. ಬೆಟ್ಟಗಳಿಗಾಗಿ ಹೋರಾಡಿದ ಇಬ್ಬರ ಕೈಯಲ್ಲಿಯೂ ಬೆಟ್ಟಗಳು ಉಳಿಯಲಿಲ್ಲ.

ಒಂದು ಅಕ್ಷರದ ಅಂತರ

ವಿವಾದವು ಗ್ರಂಥದ ಪಾಠವನ್ನೂ ಮುಟ್ಟದೆ ಬಿಡಲಿಲ್ಲ. ಯಹೂದಿಯರ ಮತ್ತು ಸಮಾರಿಯರ ತೌರಾತ್ ಪ್ರತಿಗಳ ನಡುವೆ ಸುಮಾರು ಆರು ಸಾವಿರ ವ್ಯತ್ಯಾಸಗಳಿವೆ. ಅವುಗಳಲ್ಲಿ ಬಹುಪಾಲು ಕಾಗುಣಿತದ ಅಲ್ಪ ಭೇದಗಳು. ಕೆಲವು ಹಾಗಲ್ಲ. ಯಹೂದಿಯರ ಪ್ರತಿಯಲ್ಲಿ ದೇವನು 'ಆರಿಸಲಿರುವ' ಸ್ಥಳವೆಂದಿದ್ದರೆ, ಸಮಾರಿಯರ ಪ್ರತಿಯಲ್ಲಿ 'ಆರಿಸಿದ' ಸ್ಥಳವೆಂದಿದೆ. ಹೀಬ್ರೂವಿನಲ್ಲಿ ಇದು ಒಂದೇ ಅಕ್ಷರದ ಅಂತರ. ಸಮಾರಿಯರ ಪ್ರತಿಯ ಹತ್ತು ಆಜ್ಞೆಗಳಲ್ಲಿ ಗೆರಿಜಿಮ್‌ನಲ್ಲಿ ಬಲಿಪೀಠ ಕಟ್ಟಬೇಕೆಂಬ ಆಜ್ಞೆಯೂ ಸೇರಿದೆ. ಅದು ನಂತರದ ಸೇರ್ಪಡೆಯೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೆ ಕೈಚಳಕ ಒಂದೇ ಕಡೆಯದ್ದಲ್ಲ. ಜೋರ್ಡಾನ್ ನದಿಯನ್ನು ದಾಟಿದ ಬಳಿಕ ಬಲಿಪೀಠ ಕಟ್ಟಬೇಕಾದ ಬೆಟ್ಟ ಯಹೂದಿಯರ ಪ್ರತಿಯಲ್ಲಿ ಏಬಾಲ್, ಸಮಾರಿಯರ ಪ್ರತಿಯಲ್ಲಿ ಗೆರಿಜಿಮ್. ವಿಚಿತ್ರವೆಂದರೆ, ಏಬಾಲ್ ಶಾಪದ ಬೆಟ್ಟ, ಗೆರಿಜಿಮ್ ಆಶೀರ್ವಾದದ ಬೆಟ್ಟ ಎಂಬುದರಲ್ಲಿ ಎರಡೂ ಪ್ರತಿಗಳಿಗೆ ಒಮ್ಮತವಿದೆ. ಹೀಗಾಗಿ ಈ ಜಾಗದಲ್ಲಿ ಗೆರಿಜಿಮ್ ಎಂಬ ಪಾಠವೇ ಪ್ರಾಚೀನವೆಂದು ಹಲವು ಸಂಶೋಧಕರು ಭಾವಿಸುತ್ತಾರೆ.

ಮುಸ್ಲಿಮ್ ವಿದ್ವಾಂಸರಿಗೆ ಈ ಭೇದಗಳ ಅರಿವು ಬಹಳ ಹಿಂದೆಯೇ ಇತ್ತು. ಕ್ರಿ.ಶ. 1000ದ ಸುಮಾರಿಗೆ ಅಲ್ ಬೀರೂನಿಯವರು ಆದಮ್(ಅ)ರಿಂದ ಪ್ರಳಯದವರೆಗಿನ ಕಾಲವನ್ನು ಯಹೂದಿಯರ ತೌರಾತ್ 1,656 ವರ್ಷಗಳೆಂದೂ, ಕ್ರೈಸ್ತರದ್ದು 2,242 ವರ್ಷಗಳೆಂದೂ, ಸಮಾರಿಯರದ್ದು 1,307 ವರ್ಷಗಳೆಂದೂ ಲೆಕ್ಕ ಕೊಡುವುದನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ಮುಂದಿನ ತಲೆಮಾರಿನ ಇಬ್ನ್ ಹಝ್ಮ್ ಕೂಡ ಸಮಾರಿಯರ ತೌರಾತ್ ಬೇರೆಯೇ ಎಂದು ದಾಖಲಿಸಿದರು.

ಕರುವಿನ ಪ್ರಸಂಗ ಮತ್ತು ಮೌನ

ಮರುಕಥನವು ಸೇರಿಸುವುದರಿಂದ ನಡೆಯುವಂತೆ, ಬಿಟ್ಟುಬಿಡುವುದರಿಂದಲೂ ನಡೆಯುತ್ತದೆ. ತನ್ನ ಗ್ರಂಥದಲ್ಲಿ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ ಎಂದು ವಚನವಿತ್ತ ಜೋಸೆಫಸ್, ಚಿನ್ನದ ಕರುವಿನ ಪ್ರಸಂಗವನ್ನು ಪೂರ್ತಿಯಾಗಿ ಬಿಟ್ಟಿದ್ದಾನೆ. ಶೆಕೆಮ್ ಪ್ರಸಂಗದಲ್ಲಿ ಊರಿನವರ ಸುನ್ನತಿಯನ್ನೂ ಬಿಟ್ಟಿದ್ದಾನೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾದಲ್ಲಿ ಕರುವಿನ ಎರಡನೆಯ ವೃತ್ತಾಂತವನ್ನು ಸಭೆಯಲ್ಲಿ ಓದಬೇಕು, ಆದರೆ ಜನರ ಭಾಷೆಗೆ ಅನುವಾದಿಸಬಾರದು ಎಂಬ ನಿಯಮವಿದೆ. ಹಾರೂನ್(ಅ) ಕರುವನ್ನು ಮಾಡಿದರೆಂಬ ಆ ಪಾಠ ಅವರಿಗೇ ಮುಜುಗರ ತಂದಿತ್ತು.

ಪವಿತ್ರ ಕುರ್‌ಆನ್ ತಾಹಾ ಅಧ್ಯಾಯದಲ್ಲಿ ಹಾರೂನ್(ಅ)ರ ಮೇಲಿನ ಈ ಕಳಂಕವನ್ನು ತೊಡೆದುಹಾಕಿತು. ಅವರು ಜನರನ್ನು ತಡೆದಿದ್ದರು, ದಾರಿ ತಪ್ಪಿಸಿದವನು ಸಾಮಿರಿ ಎಂದು ತಿಳಿಸಿತು. ಈ ಸಾಮಿರಿ ಯಾರೆಂಬುದರಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಾಭಿಪ್ರಾಯಗಳಿವೆ. 'ಮುಟ್ಟಬೇಡಿ' ಎಂದು ಹೇಳುತ್ತ ಬದುಕಬೇಕಾದ ಶಿಕ್ಷೆ ಅವನಿಗೆ ಬಂದುದನ್ನು ನೆನೆದು, ಅನ್ಯರ ಸ್ಪರ್ಶವನ್ನು ದೂರವಿಡುತ್ತಿದ್ದ ಸಮಾರಿಯರನ್ನು ಅವನೊಂದಿಗೆ ಜೋಡಿಸಿದವರೂ ಇದ್ದಾರೆ. ಆದರೆ ಕುರ್‌ಆನ್ ಒಬ್ಬ ವ್ಯಕ್ತಿಯ ಅಪರಾಧವನ್ನು ಹೇಳಿದೆ. ಅದನ್ನು ಸಾವಿರಾರು ವರ್ಷಗಳ ನಂತರದ ಒಂದು ಸಮುದಾಯದ ಹಣೆಗೆ ಅಂಟಿಸಿದರೆ, ಶೆಕೆಮಿನ ಒಬ್ಬ ಯುವಕನ ಅಪರಾಧವನ್ನು ಒಂದಿಡೀ ಜನಾಂಗದ ಮೇಲೆ ಹೊರಿಸಿದವರ ದಾರಿಯನ್ನೇ ನಾವೂ ಹಿಡಿದಂತಾಗುತ್ತದೆ.

ನ್ಯಾಯದ ಮಾತುಗಳು

ಹಗೆತನದ ನಡುವೆಯೂ ನ್ಯಾಯದ ದನಿಗಳು ಕೇಳಿಬಂದವು ಎಂಬುದನ್ನು ಮರೆಯಬಾರದು. ರಬ್ಬಿ ಶಿಮ್ಯೋನ್ ಬೆನ್ ಗಮಲಿಯೇಲ್ ಎಂಬ ಯಹೂದಿ ವಿದ್ವಾಂಸರು, ಸಮಾರಿಯರು ಯಾವ ಆಜ್ಞೆಯನ್ನು ಸ್ವೀಕರಿಸಿದ್ದಾರೋ ಅದನ್ನು ನಮಗಿಂತಲೂ ನಿಷ್ಠೆಯಿಂದ ಪಾಲಿಸುತ್ತಾರೆ ಎಂದು ಒಪ್ಪಿಕೊಂಡಿದ್ದರು. ಯಹೂದಿಯರ ಒಂದು ಪ್ರಾಚೀನ ವ್ಯಾಖ್ಯಾನದಲ್ಲಿ ಇನ್ನೊಂದು ಪ್ರಸಂಗವಿದೆ. ಜೆರುಸಲೇಮಿಗೆ ಪ್ರಾರ್ಥನೆಗೆ ಹೊರಟಿದ್ದ ರಬ್ಬಿ ಯೋನಾಥಾನ್‌ರಿಗೆ ದಾರಿಯಲ್ಲಿ ಒಬ್ಬ ಸಮಾರಿಯನು, ಆ ಹಾಳುದಿಬ್ಬಕ್ಕಿಂತ ಈ ಪುಣ್ಯದ ಬೆಟ್ಟವೇ ಮೇಲಲ್ಲವೇ, ನೂಹ್(ಅ)ರ ಪ್ರಳಯದಲ್ಲಿಯೂ ಇದು ಮುಳುಗಲಿಲ್ಲ ಎಂದನು. ರಬ್ಬಿಗೆ ತಕ್ಷಣ ಉತ್ತರ ತೋಚಲಿಲ್ಲ. ಅವರ ಕತ್ತೆಯನ್ನು ನಡೆಸುತ್ತಿದ್ದ ಸಾಮಾನ್ಯ ಕೂಲಿಯು, ಎತ್ತರದ ಬೆಟ್ಟಗಳೆಲ್ಲವೂ ಮುಳುಗಿದವೆಂದು ಗ್ರಂಥದಲ್ಲಿದೆ. ಇದು ಎತ್ತರದ್ದಾದರೆ ಮುಳುಗಿದೆ, ಎತ್ತರದ್ದಲ್ಲವಾದರೆ ಗ್ರಂಥವು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದು ಉತ್ತರಿಸಿದನು. ರಬ್ಬಿ ಸಂತೋಷದಿಂದ ಕೆಳಗಿಳಿದು ಅವನನ್ನು ಕತ್ತೆಯ ಮೇಲೆ ಕೂರಿಸಿದರು. ಜನರ ಕಥೆಯೊಂದು ದೊಡ್ಡದಾಗಿ ಬೆಳೆದಾಗ ಅದನ್ನು ಅಳೆಯಲು ಮೂಲಗ್ರಂಥಕ್ಕೆ ಮರಳಬೇಕೆಂಬುದನ್ನು ಅಂದು ಆ ಕೂಲಿಯವನು ತೋರಿಸಿಕೊಟ್ಟನು.

ಇಸ್ಲಾಮಿನ ಆಗಮನದ ನಂತರ ಸಮಾರಿಯರಿಗೆ ಪ್ರತ್ಯೇಕ ಸಮುದಾಯವೆಂಬ ಮನ್ನಣೆ ದೊರೆಯಿತು. ಫೆಲೆಸ್ತೀನ್ ಮತ್ತು ಜೋರ್ಡಾನ್ ಪ್ರಾಂತ್ಯಗಳ ಸಮಾರಿಯರೊಂದಿಗೆ ಅಬೂ ಉಬೈದಾ(ರ) ಮಾಡಿಕೊಂಡ ಒಪ್ಪಂದವನ್ನು ಬಲಾದುರಿ ದಾಖಲಿಸಿದ್ದಾರೆ. ಅವರ ಜಮೀನು ಅವರಲ್ಲಿಯೇ ಉಳಿಯಿತು. 12ನೇ ಶತಮಾನದಲ್ಲಿ ಶಹ್ರಸ್ತಾನಿಯವರು ಅವರ ಪಂಗಡಗಳನ್ನೂ, ಗೆರಿಜಿಮ್ ಅವರ ಕಿಬ್ಲಾ ಎಂಬುದನ್ನೂ ನಿಂದೆಯಿಲ್ಲದೆ ವಿವರಿಸಿದರು. ಇಂದಿಗೂ ಸುಮಾರು 800ಕ್ಕೂ ಹೆಚ್ಚು ಸಮಾರಿಯರು ಗೆರಿಜಿಮ್ ಬೆಟ್ಟದಲ್ಲಿಯೂ ಟೆಲ್ ಅವೀವ್ ಬಳಿಯ ಹೋಲೋನ್‌ನಲ್ಲಿಯೂ ಬದುಕಿದ್ದಾರೆ. ಪ್ರತಿವರ್ಷ ಆ ಬೆಟ್ಟದ ಮೇಲೆಯೇ ಪಸ್ಕದ ಬಲಿ ಅರ್ಪಿಸುತ್ತಾರೆ.

ನಮ್ಮ ಮುಂದಿರುವ ಪ್ರಶ್ನೆ

ಈ ಇತಿಹಾಸವನ್ನು ಓದಿ, ಅವರ ತಪ್ಪು ಅವರಿಗೆ ಎಂದು ಪುಟ ಮಗುಚುವುದು ಸುಲಭ. ಆದರೆ ಆ ಕಥನಗಳಲ್ಲಿ ಎಷ್ಟೋ ನಮ್ಮಲ್ಲಿಗೂ ಹರಿದುಬಂದಿವೆ. 'ಇಸ್ರಾಈಲಿಯ್ಯಾತ್' ಎಂದು ನಮ್ಮ ವಿದ್ವಾಂಸರು ಕರೆದದ್ದು ಇವುಗಳನ್ನೇ. ಪರಿಶೀಲಿಸದೆ ಅವುಗಳನ್ನು ತಫ್ಸೀರ್‌ಗಳಲ್ಲಿ ತುಂಬಿಸಿದ್ದನ್ನು ಇಬ್ನ್ ಖಲ್ದೂನ್ ಟೀಕಿಸಿದರು. ಇಬ್ನ್ ಕಸೀರ್ ಅವುಗಳನ್ನು ಮೂರಾಗಿ ವಿಂಗಡಿಸಿದರು: ನಮ್ಮ ಮೂಲಗಳು ದೃಢಪಡಿಸುವಂಥವು ಸತ್ಯ, ವಿರುದ್ಧವಾದವು ತಿರಸ್ಕಾರ್ಯ, ನಮ್ಮ ಮೂಲಗಳು ಮೌನವಾಗಿರುವಂಥವನ್ನು ನಂಬಬೇಕಾಗಿಯೂ ಇಲ್ಲ, ಸುಳ್ಳೆನ್ನಬೇಕಾಗಿಯೂ ಇಲ್ಲ. ಕಥನದ ಹರಿವು ಒಂದೇ ದಿಕ್ಕಿನದ್ದೂ ಅಲ್ಲ. ಇಸ್ಲಾಮಿನ ನಂತರ ರೂಪುಗೊಂಡ ಯಹೂದಿಯರ ಒಂದು ತರ್ಗುಮ್‌ನಲ್ಲಿ ಇಸ್ಮಾಈಲ್(ಅ)ರ ಪತ್ನಿಯರಲ್ಲಿ ಒಬ್ಬರ ಹೆಸರು ಫಾತಿಮಾ ಎಂದಿದೆ. ನೆರೆಯವರ ಮನೆಯ ಹೆಸರು ಯಾವಾಗ, ಹೇಗೆ ಗ್ರಂಥದ ವಿವರಣೆಯೊಳಗೆ ಬಂದು ಕುಳಿತುಕೊಳ್ಳುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ನಮ್ಮ ಮಕ್ಕಳಿಗೆ ಪ್ರವಾದಿಗಳ ಚರಿತ್ರೆಯನ್ನು ಹೇಳುವುದು ನಮ್ಮ ಕರ್ತವ್ಯ. ಹೇಳುವಾಗ ಎರಡು ಎಚ್ಚರಗಳು ಬೇಕು. ಅಲ್ಲಾಹನ ಮಾತು ಎಲ್ಲಿ ಮುಗಿಯುತ್ತದೆ, ನಮ್ಮ ವಿವರಣೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಮಗುವಿಗೆ ತಿಳಿಯುವಂತೆ ಹೇಳಬೇಕು. ಇನ್ನೊಂದು ಪಂಗಡದ, ಇನ್ನೊಂದು ಊರಿನ, ಇನ್ನೊಂದು ಧರ್ಮದ ಜನರನ್ನು ಹೀಯಾಳಿಸಲು ಆ ಪವಿತ್ರ ಚರಿತ್ರೆಯನ್ನು ಬಳಸದಿರಬೇಕು. ಒಂದು ಜನತೆಯ ಮೇಲಿನ ದ್ವೇಷವು ನ್ಯಾಯದಿಂದ ನಮ್ಮನ್ನು ದೂರ ಸರಿಸಬಾರದೆಂದು ಕುರ್‌ಆನ್ ಎಚ್ಚರಿಸಿದೆ. ಈ ಎಚ್ಚರಿಕೆ ನ್ಯಾಯಾಲಯಕ್ಕೆ ಅನ್ವಯಿಸುವಂತೆ, ಮನೆಯಲ್ಲಿ ಹೇಳುವ ಕಥೆಗೂ ಅನ್ವಯಿಸುತ್ತದೆ. ಒಂದೇ ಗ್ರಂಥವನ್ನು ಕೈಯಲ್ಲಿ ಹಿಡಿದವರೇ ಪರಸ್ಪರ ಪರಕೀಯರಾದದ್ದು ಹೀಗೆ ಹೇಳಿದ ಕಥೆಗಳಿಂದಲೂ ಹೌದು. ಸತ್ಯವನ್ನು ಸತ್ಯವಾಗಿಯೇ ಮುಂದಿನ ಪೀಳಿಗೆಗೆ ತಲುಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.